ಮೀನಿಗಿಂತ ಮೊದಲು ಮನೆಗೆ ಬರಬೇಕಾದ ಪೆಟ್ಟಿಗೆ: ಏಪಿಐ ಸಾಲ್ಟ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್

ನಮ್ಮ ಬೆಂಗಳೂರಿನ ಮನೆಯ ಹಜಾರದಲ್ಲಿ 120 ಲೀಟರಿನ ಗಾಜಿನ ತೊಟ್ಟಿಯೊಂದು ಉಪ್ಪುನೀರು, ಮರಳು ಮತ್ತು ಒಣಕಲ್ಲುಗಳನ್ನಷ್ಟೇ ತುಂಬಿಕೊಂಡು, ದೀಪವೂ ಇಲ್ಲದೆ 40 ದಿನ ನಿಂತಿತ್ತು. ಬಂದವರೆಲ್ಲ ಮೀನೆಲ್ಲಿ ಎಂದು ಕೇಳುತ್ತಿದ್ದರು. ಆ ದಿನಗಳಲ್ಲಿ ತೊಟ್ಟಿಯೊಳಗೆ ಏನಾದರೂ ನಡೆಯುತ್ತಿದೆ ಎಂಬುದಕ್ಕೆ ನನ್ನ ಬಳಿ ಇದ್ದ ಏಕೈಕ ಸಾಕ್ಷಿ ಈ ಕಿಟ್. ಸೈಕ್ಲಿಂಗ್, ಅಂದರೆ ಮೀನಿನ ತ್ಯಾಜ್ಯವನ್ನು ಅರಗಿಸುವ ಬ್ಯಾಕ್ಟೀರಿಯಾಗಳನ್ನು ತೊಟ್ಟಿಯಲ್ಲಿ ಬೆಳೆಸುವ ಕೆಲಸ, ಮುಗಿಸಿ ಮೀನು ಬಿಟ್ಟ ಮೇಲೆ ಅದರ ಬಗ್ಗೆ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಹೈ ರೇಂಜ್ ಪಿಎಚ್, ಅಮೋನಿಯಾ, ನೈಟ್ರೈಟ್ ಮತ್ತು ನೈಟ್ರೇಟ್ ಪರೀಕ್ಷೆಗಳ ದ್ರಾವಣದ ಸೀಸೆಗಳು, 5 ಮಿಲಿಲೀಟರಿಗೆ ಗೆರೆ ಎಳೆದ ಗಾಜಿನ ನಳಿಕೆಗಳು ಮತ್ತು ಬಣ್ಣದ ಕಾರ್ಡುಗಳು ಇರುತ್ತವೆ. ಈ ಕಾರ್ಡುಗಳು ಉಪ್ಪುನೀರಿಗೆಂದೇ ಮುದ್ರಿಸಿದವು. ಸಿಹಿನೀರಿನ ತೊಟ್ಟಿ ಇಟ್ಟುಕೊಂಡ ಗೆಳೆಯರಿಂದ ಕಾರ್ಡು ಎರವಲು ತಂದು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇಷ್ಟು ದಿನ ಕಾಯಬೇಕಾಗುವುದೇಕೆ ಎಂಬುದನ್ನು ಹೇಳದಿದ್ದರೆ ಕಿಟ್‌ನ ಮಹತ್ವ ತಿಳಿಯುವುದಿಲ್ಲ. ಮೀನಿನ ಕಿವಿರು ಮತ್ತು ಮಲದಿಂದ ಹೊರಬರುವ ಅಮೋನಿಯಾ, ಸಮುದ್ರದ ನೀರಿನ 8.2ರ ಆಸುಪಾಸಿನ ಪಿಎಚ್‌ನಲ್ಲಿ ಸಿಹಿನೀರಿನಲ್ಲಿರುವುದಕ್ಕಿಂತ ಹೆಚ್ಚು ವಿಷಕಾರಿ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಇವೆರಡೂ ಕಲ್ಲು ಮತ್ತು ಮರಳಿನ ಮೇಲೆ ನೆಲೆಯೂರುವುದು ಬಹಳ ನಿಧಾನ. ಸಮುದ್ರದಿಂದಲೇ ಎತ್ತಿ ತಂದ ಲೈವ್ ರಾಕ್ (ಜೀವಿಗಳು ನೆಲೆಸಿರುವ ಹವಳದ ಕಲ್ಲು) ಇದ್ದರೆ ಅದರೊಂದಿಗೆ ಬ್ಯಾಕ್ಟೀರಿಯಾಗಳೂ ಬರುತ್ತವೆ. ಆದರೆ ನಮ್ಮಲ್ಲಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಮನ್ನಾರ್ ಕೊಲ್ಲಿಯಿಂದಲೋ ಲಕ್ಷದ್ವೀಪದಿಂದಲೋ ಬಂದದ್ದೆಂದು ಯಾರಾದರೂ ಹವಳದ ಕಲ್ಲು ಮಾರಲು ಬಂದರೆ ಅದರ ಗೋಜಿಗೆ ಹೋಗಬಾರದು. ಹೀಗಾಗಿ ಒಣಕಲ್ಲಿನಿಂದ ಆರಂಭಿಸುವ ನನ್ನಂಥವರು ಸೊನ್ನೆಯಿಂದಲೇ ಶುರುಮಾಡಬೇಕು.

ಮೀನಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಲೆಂದು ಮೊದಲ ದಿನ ಮುಕ್ಕಾಲು ಗ್ರಾಂ ಅಮೋನಿಯಂ ಕ್ಲೋರೈಡ್ ತೂಗಿ ಹಾಕಿದೆ. ಕಲಾಯಿ ಹಾಕುವವರು ಪಾತ್ರೆಗೆ ಉಜ್ಜುವ ನವಸಾಗರವೇ ಇದು, ಆದರೆ ತೊಟ್ಟಿಗೆ ಪ್ರಯೋಗಾಲಯದ ದರ್ಜೆಯದೇ ಬೇಕು. ನನ್ನ ನೀರಿಗೆ ಅದು ಸುಮಾರು 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಪಾಲು) ಅಮೋನಿಯಾ ಆಗಬೇಕಿತ್ತು, ಕಿಟ್ ಕೂಡ 2 ಎಂದೇ ತೋರಿಸಿತು. ಎರಡು ಸೀಸೆಗಳಿಂದ ಎಂಟೆಂಟು ಹನಿ ಬಿಟ್ಟು, ಅಲುಗಾಡಿಸಿ, ಐದು ನಿಮಿಷ ಬಿಟ್ಟರೆ ನೀರಿಗೆ ಬಣ್ಣ ಬರುತ್ತದೆ: ಏನೂ ಇಲ್ಲದಿದ್ದರೆ ನಿಂಬೆಹಣ್ಣಿನ ಹಳದಿ, ಅಮೋನಿಯಾ ಹೆಚ್ಚಿದಂತೆ ಹಸಿರು. ಸೊನ್ನೆಗೂ 0.25ಕ್ಕೂ ಇರುವ ವ್ಯತ್ಯಾಸವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಹೇಳಲಾಗದು. ಕಿಟಕಿಯ ಬಳಿ, ಬೆಳಗಿನ ಬೆಳಕಿನಲ್ಲಿ, ನಳಿಕೆಯನ್ನು ಕಾರ್ಡಿನ ಬಿಳಿ ಜಾಗಕ್ಕೆ ತಾಗಿಸಿ ಹಿಡಿದರೆ ಮಾತ್ರ ಸಂಶಯ ತೀರುತ್ತದೆ.

ಅದೇ ದಿನ ಒಂದು ಸೀಸೆ ಜೀವಂತ ಬ್ಯಾಕ್ಟೀರಿಯಾವನ್ನೂ ಸುರಿದಿದ್ದೆ. ಅಂದೇ ಮೀನು ಬಿಡಬಹುದು ಎಂದು ಅದರ ಮೇಲೆ ಬರೆದಿತ್ತು, ಮಾರಿದವರೂ ಅದನ್ನೇ ಹೇಳಿದ್ದರು. ಒಂಬತ್ತು ದಿನ ಅಮೋನಿಯಾ ಕದಲಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕೊರಿಯರ್ ಪೆಟ್ಟಿಗೆಯೊಳಗೆ ಅವು ಬೆಂದುಹೋಗಿದ್ದವೋ ಏನೋ. ಮಾತು ನಂಬಿ ಮೀನು ಬಿಟ್ಟಿದ್ದರೆ ಅವುಗಳ ಗತಿ ಏನಾಗುತ್ತಿತ್ತೆಂದು ಆ ಹಸಿರು ನಳಿಕೆಯನ್ನು ನೋಡಿದಾಗಲೆಲ್ಲ ಅನ್ನಿಸುತ್ತಿತ್ತು.

ಹದಿನಾರನೆಯ ದಿನ ಅಮೋನಿಯಾ ಸೊನ್ನೆಗಿಳಿಯಿತು. ನೈಟ್ರೈಟ್ ನಳಿಕೆ ಮಾತ್ರ ಐದು ಹನಿ ಬೀಳುತ್ತಲೇ ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಕಿಟ್‌ನ ಮಿತಿ ಇಲ್ಲಿ ಎದುರಾಗುತ್ತದೆ. 2 ಪಿಪಿಎಂ ಅಮೋನಿಯಾ ಪೂರ್ತಿ ಪರಿವರ್ತನೆಯಾದರೆ ಸುಮಾರು 5.4 ಪಿಪಿಎಂ ನೈಟ್ರೈಟ್ ಆಗುತ್ತದೆ, ಕಾರ್ಡು 5ಕ್ಕೆ ಮುಗಿಯುತ್ತದೆ. ಎರಡನೆಯ ಬಾರಿ ಅಮೋನಿಯಾ ಹಾಕಿದ ಮೇಲೆ ನೈಟ್ರೈಟ್ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದೆ ದಿನಗಳು ಕಳೆದವು. ಕೊನೆಗೆ ಒಂದು ಪಾಲು ತೊಟ್ಟಿಯ ನೀರಿಗೆ ನಾಲ್ಕು ಪಾಲು ಹೊಸದಾಗಿ ಕಲಸಿದ ಉಪ್ಪುನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಿದಾಗ ಗುಟ್ಟು ಬಯಲಾಯಿತು: ಇಳಿಯುತ್ತಿತ್ತು. ನೈಟ್ರೈಟ್ ಕಡಲ ಮೀನುಗಳಿಗೆ ಸಿಹಿನೀರಿನ ಮೀನುಗಳಿಗೆ ಮಾಡುವಷ್ಟು ಹಾನಿ ಮಾಡದು, ನೀರಿನ ಕ್ಲೋರೈಡ್ ಅವುಗಳನ್ನು ಕಾಯುತ್ತದೆ. ಆದರೂ ಎರಡನೆಯ ಬಗೆಯ ಬ್ಯಾಕ್ಟೀರಿಯಾ ನೆಲೆಯೂರಿದೆಯೇ ಎಂದು ಹೇಳುವುದು ನೈಟ್ರೈಟಿನ ಅಂಕಿಯೇ.

ನೈಟ್ರೇಟ್ ಪರೀಕ್ಷೆ ಈ ಪೆಟ್ಟಿಗೆಯ ತರಲೆ ಮಗು. ಎರಡನೆಯ ಸೀಸೆಯ ಪುಡಿ ತಳಕ್ಕೆ ಕೂರುವುದರಿಂದ ಅದನ್ನು ಮೂವತ್ತು ಸೆಕೆಂಡು ಜೋರಾಗಿ ಕುಲುಕಬೇಕು, ಹನಿ ಹಾಕಿದ ಮೇಲೆ ನಳಿಕೆಯನ್ನು ಮತ್ತೊಂದು ನಿಮಿಷ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದದ್ದನ್ನು ಓದಿಯೂ ನಾನು ಒಂದು ದಿನ ಸೋಮಾರಿತನದಿಂದ ಮೂರು ಸಲ ಅಲ್ಲಾಡಿಸಿ ಬಿಟ್ಟೆ. ನೀರು ಹಳದಿಯಾಗಿಯೇ ಉಳಿಯಿತು. ಮರುದಿನ ತೋಳು ನೋಯುವಷ್ಟು ಕುಲುಕಿದಾಗ ಅದೇ ತೊಟ್ಟಿಯ ನೀರು ಕಡುಕೆಂಪಾಯಿತು. ಆ ಕೆಂಪನ್ನೂ ಪೂರ್ತಿ ನಂಬುವಂತಿರಲಿಲ್ಲ. ಈ ಪರೀಕ್ಷೆ ನೈಟ್ರೇಟನ್ನು ಮೊದಲು ನೈಟ್ರೈಟಿಗೆ ಇಳಿಸಿ ಅಳೆಯುವುದರಿಂದ ನೀರಿನಲ್ಲಿ ಆಗಲೇ ಇರುವ ನೈಟ್ರೈಟೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ನೈಟ್ರೈಟ್ ಸೊನ್ನೆಯಾಗುವ ತನಕ ಈ ಎರಡು ಸೀಸೆಗಳನ್ನು ಮುಟ್ಟದಿರುವುದೇ ಜಾಣತನ.

ಮೂವತ್ತೇಳನೆಯ ದಿನ ಕಡೆಯದಾಗಿ 2 ಪಿಪಿಎಂ ಅಮೋನಿಯಾ ಹಾಕಿದೆ. ಇಪ್ಪತ್ತನಾಲ್ಕು ಗಂಟೆಗಳ ನಂತರ ಒಂದು ನಳಿಕೆ ಹಳದಿ, ಇನ್ನೊಂದು ತಿಳಿನೀಲಿ, ಅಂದರೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ನೈಟ್ರೇಟ್ 20ರ ಆಸುಪಾಸಿನಲ್ಲಿತ್ತು. ಅರ್ಧದಷ್ಟು ನೀರು ಬದಲಿಸಿ, ಸಾಕಣೆ ಕೇಂದ್ರದಲ್ಲೇ ಹುಟ್ಟಿ ಬೆಳೆದ ಒಂದು ಜೋಡಿ ಕ್ಲೌನ್‌ಫಿಶ್ ತಂದೆ.

ಹವಳ ಸಾಕುವವರಿಗೆ ಬೇಕಾದ ಕ್ಯಾಲ್ಸಿಯಂ, ಆಲ್ಕಲಿನಿಟಿ ಮತ್ತು ಫಾಸ್ಫೇಟ್ ಪರೀಕ್ಷೆಗಳು ಈ ಪೆಟ್ಟಿಗೆಯಲ್ಲಿಲ್ಲ, ದಶಾಂಶದ ನಿಖರತೆ ಬಯಸುವವರಿಗೂ ಇದು ಸಾಲದು. ಸೈಕ್ಲಿಂಗ್‌ಗೆ ಬೇಕಾಗುವುದು ‘ಇದೆ’ ಅಥವಾ ‘ಇಲ್ಲ’ ಎಂಬ ಉತ್ತರ, ಅದನ್ನು ಇದು ಸುಳ್ಳಾಡದೆ ಕೊಡುತ್ತದೆ. ಪೆಟ್ಟಿಗೆಯ ಮೇಲೆ 550 ಪರೀಕ್ಷೆಗಳೆಂದಿದ್ದರೂ ಎಲ್ಲ ಸೀಸೆಗಳೂ ಒಟ್ಟಿಗೆ ಖಾಲಿಯಾಗುವುದಿಲ್ಲ. ಪಿಎಚ್ ಸೀಸೆ ಹೆಚ್ಚುಕಡಿಮೆ ತಂದ ಹಾಗೇ ಇದೆ, ಅಮೋನಿಯಾದ ಸೀಸೆಗಳು ಮೊದಲು ಮುಗಿಯುವ ಲಕ್ಷಣ ಕಾಣುತ್ತಿದೆ. ಅವು ಬಿಡಿಯಾಗಿಯೂ ಸಿಗುತ್ತವೆ, ಇಡೀ ಪೆಟ್ಟಿಗೆಯನ್ನು ಮತ್ತೆ ಕೊಳ್ಳಬೇಕಿಲ್ಲ.