ತೊಡೆಮೂಳೆಯೊಳಗೆ ಯಾವ ಬಿರಡೆ? ಬಳಸಿ ನೋಡಿದ ಐದು ಬಗೆಗಳ ಹೋಲಿಕೆ

ಕಳೆದ ತಿಂಗಳು ಹೊನ್ನಾಳಿ ಕಡೆಯ ರೈತರೊಬ್ಬರು ತಮ್ಮ ತಾಯಿಯ ಆಸ್ಪತ್ರೆ ಬಿಲ್ಲು ಹಿಡಿದುಕೊಂಡು ನನ್ನ ಕೋಣೆಗೆ ಬಂದರು. ಬಚ್ಚಲಿನಲ್ಲಿ ಜಾರಿ ಬಿದ್ದು ಚಪ್ಪೆ ಮುರಿದುಕೊಂಡಿದ್ದ ಆ ಅಜ್ಜಿಗೆ ನಾವು ತೊಡೆಮೂಳೆಯ ತಲೆ ತೆಗೆದು, ಸಿಮೆಂಟ್ ಹಾಕಿ ಕೃತಕ ಬಾಲ್ ಕೂರಿಸಿದ್ದೆವು. ಬಿಲ್ಲಿನಲ್ಲಿದ್ದ ಸ್ಟೆಮ್ (ಬಾಲನ್ನು ಹೊತ್ತು ತೊಡೆಮೂಳೆಯೊಳಗೆ ಇಳಿಯುವ ಲೋಹದ ಕಾಂಡ), ಬಾಲ್, ಸಿಮೆಂಟ್ ಎಲ್ಲವೂ ಅವರಿಗೆ ಅರ್ಥವಾಗಿತ್ತು. ‘ಸಿಮೆಂಟ್ ರಿಸ್ಟ್ರಿಕ್ಟರ್’ ಎಂಬ ಒಂದು ಸಾಲು ಮಾತ್ರ ಅರ್ಥವಾಗಿರಲಿಲ್ಲ. “ಇದೇನು ಸರ್, ಸಿಮೆಂಟಿನ ಜೊತೆಯಲ್ಲೇ ಬರುವುದಿಲ್ಲವೇ?” ಎಂದು ಕೇಳಿದರು.

ಮೇಜಿನ ಖಾನೆಯಿಂದ ಆ ರಿಸ್ಟ್ರಿಕ್ಟರ್‌ನ, ಅಂದರೆ ಬಿರಡೆಯ, ಒಂದು ಹಳೆಯ ಮಾದರಿಯನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಕಿರುಬೆರಳಿನ ತುದಿಯಷ್ಟು ದಪ್ಪದ ಬಿಳಿ ಪ್ಲಾಸ್ಟಿಕ್ಕು, ಸುತ್ತಲೂ ತೆಳ್ಳಗಿನ ದಳಗಳು. ಭದ್ರಾ ನಾಲೆಯ ನೀರು ಹೊಲದೊಳಗೆ ಏರಬೇಕಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಕಾಲುವೆಗೆ ಅಡ್ಡ ಕಟ್ಟುತ್ತೇವೆ” ಎಂದರು. ಇದೂ ಅದೇ ಕೆಲಸ ಮಾಡುತ್ತದೆ ಎಂದೆ. ಅವರು ಅದನ್ನು ಎರಡು ಬೆರಳಿನ ನಡುವೆ ತಿರುಗಿಸಿ, ದಳಗಳನ್ನು ಒತ್ತಿ ನೋಡಿ, “ಅಡ್ಡ ಕಟ್ಟಿದ್ದು ಗಟ್ಟಿಯಾಗಿ ಕೂರದಿದ್ದರೆ ನೀರು ಅಡಿಯಲ್ಲೇ ಹೋಗಿಬಿಡುತ್ತದಲ್ಲ” ಎಂದರು. ಇಷ್ಟು ವರ್ಷ ದಾವಣಗೆರೆಯಲ್ಲಿ ಈ ಶಸ್ತ್ರಚಿಕಿತ್ಸೆ ಮಾಡುತ್ತಾ ನಾನು ತಲೆಕೆಡಿಸಿಕೊಂಡಿರುವುದೂ ಇದರ ಬಗ್ಗೆಯೇ. ಅವರಿಗೆ ಹೇಳಿದ್ದನ್ನು, ಜೊತೆಗೆ ಹೇಳಲು ಸಮಯ ಸಾಲದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿಮೆಂಟಿನ ವಿಷಯ. ಹೆಸರು ಸಿಮೆಂಟ್ ಆದರೂ ಇದು ಅಕ್ರಿಲಿಕ್. ಸಾಮಾನ್ಯವಾಗಿ 40 ಗ್ರಾಂ ಪುಡಿ, 20 ಮಿ.ಲೀ. ದ್ರವ, ಎರಡನ್ನೂ ಕಲಸಿದರೆ ಹಿಟ್ಟಿನಂತಾಗಿ, ಬಿಸಿಯೇರಿ, ಹತ್ತು ಹನ್ನೆರಡು ನಿಮಿಷಗಳಲ್ಲಿ ಕಲ್ಲಾಗುತ್ತದೆ. ಹಲ್ಲಿನ ವೈದ್ಯರು ಬಳಸುತ್ತಿದ್ದ ಈ ವಸ್ತುವನ್ನು ಸೊಂಟದ ಕೀಲಿಗೆ ತಂದು ಯಶಸ್ವಿಯಾಗಿಸಿದವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಅವರಿಗೆ ಇದರಲ್ಲಿ ನೆರವಾದವರು ಮ್ಯಾಂಚೆಸ್ಟರಿನ ದಂತ ವಿಜ್ಞಾನಿ ಡೆನ್ನಿಸ್ ಸ್ಮಿತ್. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನಲ್ಲಿ ಕುಳಿತು ಆ ಮ್ಯಾಂಚೆಸ್ಟರಿನ ಸಿಮೆಂಟ್ ಕಲಸುವಾಗ ನನಗೆ ಒಂದು ಬಗೆಯ ನಂಟು ಕಾಣುತ್ತದೆ.

ಈ ಸಿಮೆಂಟ್ ಅಂಟಲ್ಲ, ಗಾರೆ. ಸ್ಪಂಜಿನಂತಹ ಮೂಳೆಯ ಸಣ್ಣ ರಂಧ್ರಗಳೊಳಗೆ ನುಗ್ಗಿ, ಅಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನುಗ್ಗಬೇಕಾದರೆ ಒತ್ತಡ ಬೇಕು. ತೊಡೆಮೂಳೆಯ ಮಜ್ಜೆನಾಳವೋ ಮೊಣಕಾಲಿನ ತನಕ ಒಂದೇ ಕೊಳವೆ. ತಳಕ್ಕೆ ತಡೆಯಿಲ್ಲದಿದ್ದರೆ ಎಷ್ಟೇ ಒತ್ತಿದರೂ ಸಿಮೆಂಟ್ ಕೆಳಗೆ ಇಳಿಯುತ್ತದೆಯೇ ಹೊರತು ಪಕ್ಕಕ್ಕೆ ನುಗ್ಗುವುದಿಲ್ಲ. ಚಾರ್ನ್ಲಿಯವರ ಕಾಲದಲ್ಲಿ ಬೆರಳಿನಿಂದಲೇ ಮೇಲಿನಿಂದ ತುರುಕುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾಳದ ತಳಕ್ಕೆ ಬಿರಡೆ, ನಾಳವನ್ನು ನೀರಿನ ಧಾರೆಯಿಂದ ತೊಳೆಯುವುದು, ಕುದುರೆ ಒತ್ತಿದರೆ ಉದ್ದ ನಳಿಕೆಯಲ್ಲಿ ಸಿಮೆಂಟ್ ಹೊರಬರುವ ಗನ್ನಿನಿಂದ ತಳದಿಂದ ಮೇಲಕ್ಕೆ ತುಂಬುವುದು, ಇವೆಲ್ಲ ಬಳಕೆಗೆ ಬಂದವು. ಬಿರಡೆ ಕೂರಬೇಕಾದ ಜಾಗ ಸ್ಟೆಮ್‌ನ ತುದಿಯಿಂದ ಒಂದೂವರೆಯಿಂದ ಎರಡು ಸೆಂಟಿಮೀಟರ್ ಕೆಳಗೆ.

ನಾನು ಮೊದಲು ಕಲಿತದ್ದು ಪ್ಲಾಸ್ಟಿಕ್ ಬಿರಡೆಯಲ್ಲಿ. ಪಾಲಿಎಥಿಲೀನ್‌ನದು, ದಳಗಳಿರುವಂಥದ್ದು. ಬಳಸುವುದು ಸುಲಭ: ಅಳತೆಯ ಕಡ್ಡಿಗಳನ್ನು ಒಂದೊಂದಾಗಿ ಇಳಿಸಿ, ಬಿಗಿಯಾಗಿ ನಿಂತ ಅಳತೆ ನೋಡಿ, ಅದಕ್ಕಿಂತ ಒಂದು ಅಳತೆ ದೊಡ್ಡದನ್ನು ಕಡ್ಡಿಗೆ ಸಿಕ್ಕಿಸಿ ಇಳಿಸುತ್ತೇನೆ. ಒಂದೆರಡು ನಿಮಿಷದ ಕೆಲಸ. ಕೂತ ಮೇಲೂ ನಾಳವನ್ನು ನಿಶ್ಚಿಂತೆಯಿಂದ ತೊಳೆಯಬಹುದು; ನೀರಿಗೆ ಅದು ಬದಲಾಗುವುದಿಲ್ಲ. ಸಾಮಾನ್ಯ ಅಗಲದ ನಾಳದಲ್ಲಿ, ಕಿರಿದಾದ ನಡುಭಾಗಕ್ಕಿಂತ ಮೇಲೆ ಅಥವಾ ಸರಿಯಾಗಿ ಅಲ್ಲಿಯೇ ಕೂತರೆ, ಇದರ ಬಗ್ಗೆ ನನ್ನ ದೂರಿಲ್ಲ.

ದೂರು ಇರುವುದು ಆ ನಡುಭಾಗ ದಾಟಿದ ಮೇಲೆ. ತೊಡೆಮೂಳೆಯ ನಾಳ ಡಮರುವಿನಂತೆ: ಮೇಲೆ ಅಗಲ, ನಡುವೆ ಕಿರಿದು, ಕೆಳಗೆ ಮತ್ತೆ ಅಗಲ. ಕಿರಿದಾದ ಜಾಗದಲ್ಲಿ ದಳಗಳು ಮಡಚಿಕೊಂಡು ದಾಟಿದ ಬಿರಡೆಗೆ ಕೆಳಗಿನ ಅಗಲದಲ್ಲಿ ಆಸರೆಯೇ ಸಿಗುವುದಿಲ್ಲ. ಸಾಲದ್ದಕ್ಕೆ ಬಿರಡೆ ದುಂಡಗೆ, ನಾಳ ಮಾತ್ರ ಎಷ್ಟೋ ಜನರಲ್ಲಿ ಕೊಂಚ ಮೊಟ್ಟೆಯಾಕಾರ. ಹಾಗೆಂದು ತೀರಾ ದೊಡ್ಡದನ್ನು ಸುತ್ತಿಗೆಯಿಂದ ಬಡಿದು ಇಳಿಸಹೊರಟರೆ ಬಡಕಲು ಮೂಳೆ ಸೀಳಬಹುದು.

ಒಂದು ಪ್ರಕರಣ ನನ್ನ ಕೈಗೆ ಇನ್ನೂ ನೆನಪಿದೆ. ಜಗಳೂರು ಕಡೆಯ ವೃದ್ಧೆ; ಮೂಳೆ ಸವೆದು ಹೊರಗೋಡೆ ತೆಳ್ಳಗಾಗಿ, ನಾಳ ಒಲೆಯ ಹೊಗೆಕೊಳವೆಯಂತೆ ಮೇಲಿನಿಂದ ಕೆಳಗಿನವರೆಗೂ ಅಗಲವಾಗಿತ್ತು. ದೊಡ್ಡ ಅಳತೆಯ ಬಿರಡೆ ಬೇಕೆಂದು ಹಿಂದಿನ ದಿನವೇ ಹೇಳಿದ್ದೆ. ಸರಬರಾಜು ಮಾಡುವವರು ಪೆಟ್ಟಿಗೆಯಲ್ಲಿ ಕಳಿಸಿದ್ದು ಮಧ್ಯಮ ಅಳತೆಯ ಒಂದೇ ಒಂದು. ಇದ್ದುದನ್ನೇ ಹಾಕಿದೆ. ಗನ್ನಿನಿಂದ ತುಂಬುವಾಗ ಸಿಮೆಂಟೇ ನಳಿಕೆಯನ್ನು ಮೇಲಕ್ಕೆ ತಳ್ಳಬೇಕು, ನಾವು ಎಳೆಯಬಾರದು. ಆ ಎದುರೊತ್ತು ಕೈಗೆ ಚೆನ್ನಾಗಿ ಸಿಗುತ್ತಿತ್ತು. ಅರ್ಧ ತುಂಬಿದ್ದಾಗ ಅದು ಇದ್ದಕ್ಕಿದ್ದಂತೆ ಸತ್ತುಹೋಯಿತು, ಬಾವಿಯ ಹಗ್ಗ ಕಡಿದು ಕೊಡ ಕಳಚಿಕೊಂಡಂತೆ. ಬಿರಡೆ ಜಾರಿತ್ತು. ಮರುದಿನದ ಎಕ್ಸ್‌ರೇಯಲ್ಲಿ ಸ್ಟೆಮ್‌ನ ತುದಿಯಿಂದ ಅಂಗೈ ಅಗಲದಷ್ಟು ಕೆಳಗಿನವರೆಗೆ ಸಿಮೆಂಟಿನ ಬಾಲ. ಮೇಲೆ ಬೇಕಾದ ಜಾಗದಲ್ಲಿ ಸಿಮೆಂಟಿಗೂ ಮೂಳೆಗೂ ನಡುವೆ ಕಪ್ಪು ಗೆರೆ. ಸಿಮೆಂಟ್ ಎಷ್ಟು ಚೆನ್ನಾಗಿ ತುಂಬಿದೆ ಎಂದು ಎಕ್ಸ್‌ರೇ ನೋಡಿ ಅಳೆಯಲು 1992ರಲ್ಲಿ ಬ್ಯಾರಕ್ ಮತ್ತು ಸಂಗಡಿಗರು ಕೊಟ್ಟ ಎ, ಬಿ, ಸಿ, ಡಿ ಶ್ರೇಣಿಯಲ್ಲಿ ಎ ಎಂದರೆ ನಾಳವೆಲ್ಲ ಬೆಳ್ಳಗೆ ತುಂಬಿರುವುದು. ಇದು ಸಿ. ಆಕೆ ನಡೆದಾಡುತ್ತಿದ್ದಾರೆ, ತಪಾಸಣೆಗೂ ಬರುತ್ತಾರೆ. ಆದರೂ ಪ್ರತಿ ಸಲ ಆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಅಂದು ಶಸ್ತ್ರಚಿಕಿತ್ಸೆ ಮುಂದೂಡಬೇಕಿತ್ತು ಎನಿಸುತ್ತದೆ.

ಅದಾದ ಮೇಲೆಯೇ ನಾನು ಮೂಳೆಯ ಬಿರಡೆಗೆ ತಿರುಗಿದ್ದು. ಹೇಗೂ ಕತ್ತರಿಸಿ ತೆಗೆದ ತೊಡೆಮೂಳೆಯ ತಲೆ ಟ್ರಾಲಿಯ ಮೇಲೆ ಬಿದ್ದಿರುತ್ತದೆ. ಕೊರೆಯುವ ಕೊಳವೆಯನ್ನು ಅದರೊಳಗೆ ತಿರುಗಿಸಿ ಒಂದು ತುಂಡು ತೆಗೆದು, ನಿಬ್ಲರ್ ಎಂಬ ಮೂಳೆ ಕಡಿಯುವ ಇಕ್ಕಳದಿಂದ ಅಂಚುಗಳನ್ನು ಕಡಿದು, ಶಂಕುವಿನ ಆಕಾರಕ್ಕೆ ತರುತ್ತೇನೆ: ಕೆಳತುದಿ ಸಣ್ಣದು, ಮೇಲ್ತುದಿ ನಾಳಕ್ಕಿಂತ ಕೂದಲೆಳೆಯಷ್ಟು ದಪ್ಪ. ತೇವದ ಗಾಜ್ ಬಟ್ಟೆಯಲ್ಲಿಟ್ಟು, ನಾಳ ಸಿದ್ಧವಾದ ಮೇಲೆ ಗುರುತು ಹಾಕಿದ ಕಡ್ಡಿಯಿಂದ ಮೆಲ್ಲನೆ ತಟ್ಟುತ್ತಾ ಇಳಿಸುವುದು. ಮೊದಮೊದಲು ನನಗೆ ಹತ್ತು ನಿಮಿಷ ಹಿಡಿಯುತ್ತಿತ್ತು. ಈಗ ಸಹಾಯಕರು ನಾಳ ತೊಳೆಯುವಷ್ಟರಲ್ಲಿ ನನ್ನ ತುಂಡು ಸಿದ್ಧವಾಗಿರುತ್ತದೆ.

ಇದರ ದೊಡ್ಡ ಗುಣವೆಂದರೆ ಮೂಳೆ ನಾಳದ ಆಕಾರಕ್ಕೆ ಒಗ್ಗುತ್ತದೆ. ತಟ್ಟಿದಂತೆ ಸ್ಪಂಜಿನ ಭಾಗ ಅಮುಕಿಕೊಂಡು ಮೊಟ್ಟೆಯಾಕಾರದ ನಾಳವನ್ನೂ ತುಂಬುತ್ತದೆ. ಕೂತಾಗ ತಟ್ಟುವ ಸದ್ದು ಬದಲಾಗುತ್ತದೆ. ಟೊಳ್ಳು ಸದ್ದು ಹೋಗಿ ಬಿಗಿಯಾದ ಸದ್ದು ಬರುತ್ತದೆ. ಬಡಗಿಗೆ ಗೂಟ ಕೂತದ್ದು ಗೊತ್ತಾಗುವುದೂ ಹೀಗೆಯೇ. ಖರ್ಚಿಲ್ಲ. ರೋಗಿಯದೇ ಮೂಳೆ, ಹೊರಗಿನ ವಸ್ತುವಲ್ಲ. ಮುಂದೆಂದಾದರೂ ಕೀಲು ಸಡಿಲವಾಗಿ ಮರುಶಸ್ತ್ರಚಿಕಿತ್ಸೆ ಬಂದರೆ ಈ ತುಂಡನ್ನು ಕೊರೆದು ದಾಟುವುದು ಕಷ್ಟವಲ್ಲ. ಪ್ಲಾಸ್ಟಿಕ್ ಹಾಗಲ್ಲ. ಬೇರೆಡೆ ಹಾಕಿದ್ದ ಒಂದು ಹಳೆಯ ಪ್ಲಾಸ್ಟಿಕ್ ಬಿರಡೆಯನ್ನು ತೆಗೆಯಲು ನಾನು ಒಮ್ಮೆ ಮುಕ್ಕಾಲು ಗಂಟೆ ಒದ್ದಾಡಿದ್ದೇನೆ. ಡ್ರಿಲ್ ಮುಟ್ಟಿದರೆ ಅದೂ ಜೊತೆಯಲ್ಲೇ ಗಿರಗಿರನೆ ತಿರುಗುತ್ತಿತ್ತು.

ಮೂಳೆಯ ಬಿರಡೆಗೂ ಮಿತಿಗಳಿವೆ, ಅವನ್ನು ಮುಚ್ಚಿಡಲಾರೆ. ಸಂಧಿ ಸವೆತಕ್ಕೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಸಿಗುವ ತಲೆ ಗಟ್ಟಿಯಾಗಿರುತ್ತದೆ, ಒಳ್ಳೆಯ ತುಂಡು ಬರುತ್ತದೆ. ಬಿದ್ದು ಮುರಿದುಕೊಂಡ ಎಂಬತ್ತರ ಅಜ್ಜಿಯ ತಲೆ ನೆನೆದ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ನಮ್ಮ ಭಾಗದಲ್ಲಿ ಸಿಮೆಂಟ್ ಹೆಚ್ಚಾಗಿ ಬೇಕಾಗುವುದು ಈ ಎರಡನೆಯವರಿಗೇ. ಇನ್ನು ಎಲ್ಲಿಂದಲೋ ಹರಡಿದ ಕ್ಯಾನ್ಸರ್‌ನಿಂದ ಮೂಳೆ ಮುರಿದಿದೆ ಎಂಬ ಸಣ್ಣ ಅನುಮಾನವಿದ್ದರೂ ಆ ತಲೆಯನ್ನು ಮುಟ್ಟದೆ ಪರೀಕ್ಷೆಗೆ ಕಳಿಸಬೇಕು. ಅದರ ತುಂಡನ್ನು ಆರೋಗ್ಯವಾಗಿರುವ ನಾಳದೊಳಗೆ ಇಳಿಸುವ ಮಾತೇ ಇಲ್ಲ.

ಕರಗುವ ಜಿಲೆಟಿನ್ ಬಿರಡೆಯ ಬಗ್ಗೆ ನನಗೆ ಬಹಳ ಆಸೆಯಿತ್ತು. ಒಳಗೆ ಕೆಲಸ ಮುಗಿಸಿ ಕೆಲವು ವಾರಗಳಲ್ಲಿ ತಾನೇ ಇಲ್ಲವಾಗುತ್ತದೆ, ಮರುಶಸ್ತ್ರಚಿಕಿತ್ಸೆಯಲ್ಲಿ ಅಡ್ಡ ಬರುವುದಿಲ್ಲ. ಇದಕ್ಕಿಂತ ಏನು ಬೇಕು? ಹಲವು ರೋಗಿಗಳಿಗೆ ಬಳಸಿದೆ. ಇಳಿಸುವಾಗ ಅಚ್ಚುಕಟ್ಟು. ಆದರೆ ರಕ್ತ ಸುರಿಯುವ ನಾಳದಲ್ಲಿ ನನಗೆ ಧೈರ್ಯ ಬರಲಿಲ್ಲ. ಒಮ್ಮೆ ಬಳಸದೆ ಉಳಿದಿದ್ದ ಒಂದನ್ನು ಬೆಚ್ಚಗಿನ ಸಲೈನ್ ಬಟ್ಟಲಿನಲ್ಲಿ ಹಾಕಿಟ್ಟು, ಶಸ್ತ್ರಚಿಕಿತ್ಸೆ ಮುಗಿಸಿ ಬಂದು ನೋಡಿದೆ. ಅಂಚುಗಳು ಲೋಳೆಯಾಗಿದ್ದವು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತಿತ್ತು. ಸಿಮೆಂಟ್ ಹತ್ತು ನಿಮಿಷದಲ್ಲಿ ಗಟ್ಟಿಯಾಗುವುದರಿಂದ ಅಷ್ಟು ಹೊತ್ತು ತಡೆದರೆ ಸಾಕು ಎನ್ನುವವರ ಮಾತು ತಪ್ಪಲ್ಲ. ಆದರೆ ಹಾಕಿದ ಮೇಲೆ ನಾಳವನ್ನು ಮತ್ತೆ ತೊಳೆಯಲು ಕೈ ಹಿಂಜರಿಯುತ್ತದೆ. ಅರವತ್ತು ದಾಟದ, ಮುಂದೊಮ್ಮೆ ಮರುಶಸ್ತ್ರಚಿಕಿತ್ಸೆ ಬರಬಹುದಾದ, ನಾಳ ಕಿರಿದಾಗಿರುವ ರೋಗಿಗೆ ಮಾತ್ರ ಈಗ ಅದನ್ನು ಯೋಚಿಸುತ್ತೇನೆ. ಅಂಥವರಲ್ಲಿ ಮೂಳೆಯ ತುಂಡೇ ಚೆನ್ನಾಗಿ ಸಿಗುವುದರಿಂದ ಜಿಲೆಟಿನ್‌ನ ಸರದಿ ಬರುವುದು ಅಪರೂಪ.

ಸಿಮೆಂಟಿನಿಂದಲೇ ಬಿರಡೆ ಮಾಡುವುದು ಇನ್ನೊಂದು ದಾರಿ. ಸ್ವಲ್ಪ ಸಿಮೆಂಟನ್ನು ಮೊದಲೇ ಕಲಸಿ, ಹಿಟ್ಟಿನ ಹದಕ್ಕೆ ಬಂದಾಗ ಉದ್ದ ನಳಿಕೆಯಿಂದ ನಾಳದ ಆಳಕ್ಕೆ ಇಳಿಸಿ, ಕಡ್ಡಿಯಿಂದ ಒತ್ತಿ ಹಿಡಿದು ಗಟ್ಟಿಯಾಗಲು ಬಿಡುವುದು. ಹೊಗೆಕೊಳವೆಯಂತಹ ಅಗಲ ನಾಳಕ್ಕೆ ನಾನು ಕಂಡಂತೆ ಇದರಷ್ಟು ಗಟ್ಟಿ ಇನ್ನೊಂದಿಲ್ಲ. ಎಷ್ಟೇ ಅಗಲವಿರಲಿ, ಎಂಥ ಆಕಾರವಿರಲಿ, ತುಂಬಿಕೊಳ್ಳುತ್ತದೆ. ಬೆಲೆ ತೆರುವುದು ಸಮಯದಲ್ಲಿ. ವಯಸ್ಸಾದ ರೋಗಿಯನ್ನು ಹತ್ತು ಹನ್ನೆರಡು ನಿಮಿಷ ಹೆಚ್ಚು ಟೇಬಲ್ ಮೇಲೆ ಮಲಗಿಸಿಕೊಂಡು ಸುಮ್ಮನೆ ಕಾಯಬೇಕು. ಸಿಮೆಂಟೂ ಇನ್ನೊಂದು ಪೊಟ್ಟಣ ಬೇಕು. ನಮ್ಮ ಊರಿನ ಏಪ್ರಿಲ್, ಮೇ ತಿಂಗಳ ಬಿಸಿಲು ಬೇರೆ. ಕೋಣೆ ಬಿಸಿಯಾದಷ್ಟೂ ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ. ಒಮ್ಮೆ ಕರೆಂಟು ಹೋಗಿ, ಜನರೇಟರ್‌ನಲ್ಲಿ ದೀಪವಷ್ಟೇ ಉರಿದು ಎಸಿ ನಿಂತಾಗ, ಬಿರಡೆಗೆಂದು ಕಲಸಿದ್ದು ನಳಿಕೆಯಲ್ಲೇ ಬಿಗಿದುಕೊಂಡಿತು. ಅಂದಿನಿಂದ ಸಿಮೆಂಟ್ ಪೊಟ್ಟಣಗಳನ್ನು ಹಿಂದಿನ ರಾತ್ರಿಯಿಂದಲೇ ತಂಪಾದ ಜಾಗದಲ್ಲಿಡಿಸುತ್ತೇನೆ.

ಒಳಗೆ ಹೋದ ಮೇಲೆ ಹಿಗ್ಗುವ ಬಿರಡೆಗಳೂ ಇವೆ. ಕಿರಿದಾಗಿ ಇಳಿದು, ಬೇಕಾದ ಆಳದಲ್ಲಿ ಅರಳಿ ಗೋಡೆಗೆ ಒತ್ತಿಕೊಳ್ಳುತ್ತವೆ. ಕೆಲವೇ ಸಲ ಬಳಸಿದ್ದೇನೆ, ಒಂದೂ ಜಾರಲಿಲ್ಲ. ಬೆಂಗಳೂರಿನಿಂದ ತರಿಸಬೇಕು, ಬೆಲೆಯೂ ಜಾಸ್ತಿ. ಮೆಕ್ಕೆಜೋಳ ಮಾರಿ ಹಣ ಹೊಂದಿಸಿಕೊಂಡು ಬರುವವರಿಗೆ ಇದನ್ನು ಮೊದಲ ಆಯ್ಕೆ ಎಂದು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಯಾವುದನ್ನೇ ಹಾಕಿದರೂ ತಪ್ಪದ ಒಂದು ಅಪಾಯವಿದೆ, ಇದನ್ನು ಕಿರಿಯ ವೈದ್ಯರಿಗೆ ಒತ್ತಿ ಹೇಳಬಯಸುತ್ತೇನೆ. ಬಿರಡೆ ಚೆನ್ನಾಗಿ ಕೂತಷ್ಟೂ ನಾಳದೊಳಗಿನ ಒತ್ತಡ ಹೆಚ್ಚು. ತೊಳೆಯದೆ ಉಳಿದ ಮಜ್ಜೆಯ ಕೊಬ್ಬು ಆ ಒತ್ತಡಕ್ಕೆ ರಕ್ತನಾಳ ಹೊಕ್ಕು ಶ್ವಾಸಕೋಶ ತಲುಪುತ್ತದೆ. ರಕ್ತದೊತ್ತಡ ಕುಸಿಯಬಹುದು, ಆಮ್ಲಜನಕದ ಮಟ್ಟ ಇಳಿಯಬಹುದು, ದುರ್ಬಲ ಹೃದಯದವರಲ್ಲಿ ಪ್ರಾಣಕ್ಕೇ ಕುತ್ತಾಗಬಹುದು. ಹಾಗಾಗಿ ಬಿರಡೆ ಇಳಿಸುವ ಮೊದಲೂ ಇಳಿಸಿದ ಮೇಲೂ, ಹೊರಬರುವ ನೀರು ತಿಳಿಯಾಗುವವರೆಗೆ ನಾನು ತೊಳೆಯುತ್ತೇನೆ. ತುಂಬುವ ಮೊದಲು “ಸಿಮೆಂಟ್ ಹಾಕುತ್ತಿದ್ದೇನೆ” ಎಂದು ಅರಿವಳಿಕೆ ತಜ್ಞರಿಗೆ ಗಟ್ಟಿಯಾಗಿ ಹೇಳಿ, ಅವರು ಹೂಂ ಎನ್ನುವವರೆಗೆ ಗನ್ನಿನ ಕುದುರೆಯನ್ನು ಒತ್ತುವುದಿಲ್ಲ. ತೊಳೆಯಲು ಹಿಂಜರಿಯುವಂತೆ ಮಾಡುವ ಬಿರಡೆ ನನಗೆ ಒಗ್ಗದಿರುವುದಕ್ಕೆ ಇದೇ ಕಾರಣ.

ಹೊನ್ನಾಳಿಯ ಆ ಅಜ್ಜಿಗೆ ನಾನು ಮೊದಲು ಕೈಹಾಕಿದ್ದು ಮೂಳೆಯ ತುಂಡಿಗೇ. ಎರಡು ಸಲ ಕೊರೆದೆ, ಎರಡು ಸಲವೂ ಕೊಳವೆಯೊಳಗೆ ಪುಡಿಯಾಯಿತು. ನಾಳ ಮಾತ್ರ ತೀರಾ ಅಗಲವಿರಲಿಲ್ಲ, ಸ್ಟೆಮ್‌ನ ತುದಿಯೂ ಕಿರಿದಾದ ಜಾಗಕ್ಕಿಂತ ಮೇಲೆಯೇ ನಿಲ್ಲುತ್ತಿತ್ತು. ಆದ್ದರಿಂದ ಪ್ಲಾಸ್ಟಿಕ್ಕನ್ನೇ ಆರಿಸಿದೆ. ಅಂದು ಅಳತೆಗಳೆಲ್ಲವೂ ಟ್ರಾಲಿಯ ಮೇಲಿದ್ದವು. ಕಡ್ಡಿಯ ಹಿಂಬದಿಯಿಂದ ಮೂರು ಸಲ ಒತ್ತಿ ನೋಡಿದೆ, ಅಲುಗಲಿಲ್ಲ. ಬಿಲ್ಲು ತಂದಿದ್ದ ಮಗನಿಗೆ ಅವರ ತಾಯಿಯ ಎಕ್ಸ್‌ರೇ ತೋರಿಸಿದೆ. ಸ್ಟೆಮ್‌ನ ಸುತ್ತ ಬೆಳ್ಳಗೆ ತುಂಬಿಕೊಂಡ ಸಿಮೆಂಟ್, ತುದಿಯಿಂದ ಸ್ವಲ್ಪ ಕೆಳಗೆ ಚಾಕುವಿನಿಂದ ಕತ್ತರಿಸಿದಂತೆ ನಿಂತಿತ್ತು. ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅವರು ಆ ನೇರ ಗೆರೆಯ ಮೇಲೆ ಬೆರಳಿಟ್ಟು, “ಇಲ್ಲಿದೆಯಲ್ಲವೇ ಸರ್ ಅದು?” ಎಂದರು. ಅಲ್ಲೇ ಇತ್ತು.