ಸೇಡಂ ರಸ್ತೆಯ ಗಣಿತದ ಮನೆಪಾಠ: ಎರಡು ತಿಂಗಳ ಬಳಿಕ

ಕಲಬುರಗಿಯ ಸೇಡಂ ರಸ್ತೆಯ ಮನೆಯೊಂದರ ಮಹಡಿಯಲ್ಲಿ ಸಂಜೆ ನಡೆಯುವ ಗಣಿತದ ಮನೆಪಾಠಕ್ಕೆ, ಏಳನೆಯ ತರಗತಿಯಲ್ಲಿ ಓದುವ ನನ್ನ ಮಗಳನ್ನು ಎರಡು ತಿಂಗಳಿಂದ ಕಳುಹಿಸುತ್ತಿದ್ದೇನೆ. ತಿಂಗಳಿಗೆ 700 ರೂಪಾಯಿ, ವಾರಕ್ಕೆ 4 ದಿನ, ಒಂದು ತಂಡದಲ್ಲಿ ಹತ್ತು ಮಕ್ಕಳು. ಅಂಕಿ, ಅಕ್ಷರ ಸೇರಿಸಿ ಬರೆಯುವ ಬೀಜೋಕ್ತಿಗಳ ಪಾಠ ಶುರುವಾದಾಗ, ಎಕ್ಸ್‌ನ ಬೆಲೆ 4 ಆದರೆ 3ಎಕ್ಸ್ ಎಷ್ಟು ಎಂಬ ಪ್ರಶ್ನೆಗೆ ಇವಳು 34 ಎಂದು ಬರೆದು ತಂದಿದ್ದಳು. ಅಂಕಿಯ ಪಕ್ಕದಲ್ಲಿ ಅಕ್ಷರ ನಿಂತರೆ ಅವೆರಡರ ನಡುವೆ ಗುಣಾಕಾರ ಅಡಗಿರುತ್ತದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಮೇಷ್ಟ್ರ ಒಪ್ಪಿಗೆ ಪಡೆದು ಒಂದು ದಿನ ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅವರು ಎಕ್ಸ್ ಬರೆಯಲಿಲ್ಲ. ಒಂದು ತೊಗರಿ ಚೀಲದ ತೂಕ 'ತ' ಕಿಲೋ ಎಂದು ಇಟ್ಟುಕೊಳ್ಳಿ ಎಂದರು. ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, 5 ಚೀಲ ತೂಗಿ, ಪ್ರತಿ ಚೀಲಕ್ಕೂ ಗೋಣಿಯ ತೂಕವೆಂದು 1 ಕಿಲೋ ಕಳೆದರೆ ಉಳಿಯುವ ತೊಗರಿ ಎಷ್ಟೆಂದು ಬರೆಯಲು ಹೇಳಿದಾಗ, ಅರ್ಧದಷ್ಟು ಮಕ್ಕಳು 5ತ − 1 ಎಂದೂ ಉಳಿದವರು 5(ತ − 1) ಎಂದೂ ಬರೆದರು. ಯಾವುದು ಸರಿ ಎಂದು ಮೇಷ್ಟ್ರು ಹೇಳಲಿಲ್ಲ. 'ತ' ಇರುವಲ್ಲಿ 50 ಇಟ್ಟು ನೋಡಿ ಎಂದಷ್ಟೇ ಹೇಳಿದರು. ಮೊದಲನೆಯದಕ್ಕೆ 249, ಎರಡನೆಯದಕ್ಕೆ 245 ಬಂತು. "ಹಂಗ ಬರದ್ರ ತಗೊಳ್ಳಾವಗ ನಾಕ್ ಕಿಲೋ ಲುಕ್ಸಾನ್ರಿ" ಎಂದು ಮೊದಲನೆಯದನ್ನು ಕುರಿತು ಒಬ್ಬ ಹುಡುಗ ಹೇಳಿದ ಮೇಲೆ ಆವರಣದ ಬಗ್ಗೆ ಬೇರೆ ವಿವರಣೆ ಬೇಕಾಗಲಿಲ್ಲ. ಬರೆದ ಬೀಜೋಕ್ತಿಯನ್ನು ಬೆಲೆ ಹಾಕಿ ತಾವೇ ಪರೀಕ್ಷಿಸಿಕೊಳ್ಳುವ ಈ ರೂಢಿಯೊಂದಕ್ಕೇ ಕೊಟ್ಟ ಶುಲ್ಕ ಸಾರ್ಥಕವೆನಿಸಿತು.

ಆದರೆ 'ತ' ಎಂಬ ಅಕ್ಷರದ ಬಗ್ಗೆ ನನ್ನ ತಕರಾರಿದೆ. ಅಜ್ಞಾತ ಸಂಖ್ಯೆಗೆ ನಮ್ಮ ಲಿಪಿಯ ಅಕ್ಷರ ಬಳಸುವುದು ಹೊಸದೇನಲ್ಲ; 12ನೆಯ ಶತಮಾನದ ಭಾಸ್ಕರಾಚಾರ್ಯರು ಮೊದಲ ಅಜ್ಞಾತಕ್ಕೆ 'ಯಾವತ್ತಾವತ್' (ಎಷ್ಟೋ ಅಷ್ಟು) ಎಂದು ಕರೆದು ಅದನ್ನು 'ಯಾ' ಎಂದೂ, ಎರಡನೆಯ ಅಜ್ಞಾತವನ್ನು 'ಕಾ' ಎಂದೂ ಬರೆಯುತ್ತಿದ್ದರು. ತೊಂದರೆ ಇರುವುದು ವಸ್ತುವಿನ ಹೆಸರಿನ ಮೊದಲಕ್ಷರವನ್ನೇ ಆರಿಸಿಕೊಂಡದ್ದರಲ್ಲಿ. ಮನೆಗೆ ಬಂದ ಮಗಳು 5ತ ಎಂದರೆ ಐದು ಚೀಲ ತೊಗರಿ ಎಂದಳು. ಅಕ್ಷರ ನಿಂತಿರುವುದು ತೊಗರಿಗಲ್ಲ, ಒಂದು ಚೀಲ ಎಷ್ಟು ಕಿಲೋ ತೂಗುತ್ತದೆ ಎಂಬ ಸಂಖ್ಯೆಗೆ ಎಂದು ತಿದ್ದಲು ನನಗೆ ಎರಡು ಸಂಜೆ ಹಿಡಿದವು.

ಇನ್ನೊಂದು ಕೊರತೆ ಶಾಲೆಯ ಕಿರುಪರೀಕ್ಷೆಯಲ್ಲಿ ಬಯಲಾಯಿತು. ಎಕ್ಸ್‌ನ ಬೆಲೆ −2 ಆದಾಗ 7 − 2ಎಕ್ಸ್‌ನ ಬೆಲೆ ಕಂಡುಹಿಡಿಯಬೇಕಿತ್ತು. ಇವಳು 7 − 4 = 3 ಎಂದು ಬರೆದು ಅಂಕ ಕಳೆದುಕೊಂಡಳು. −2 ಅನ್ನು ಆವರಣದೊಳಗೆ ಇಟ್ಟು 7 − 2(−2) ಎಂದು ಬರೆದಿದ್ದರೆ 7 + 4, ಅಂದರೆ 11 ಬರುತ್ತಿತ್ತು. ತೊಗರಿ ಚೀಲದ ತೂಕ ಎಂದಿಗೂ ಋಣಸಂಖ್ಯೆಯಾಗದ ಕಾರಣ, ಅದುವರೆಗಿನ ಪಾಠಗಳಲ್ಲಿ ಅಂಥ ಬೆಲೆ ಒಮ್ಮೆಯೂ ಬಂದಿರಲಿಲ್ಲ.

ಇದನ್ನು ಮೇಷ್ಟ್ರ ಗಮನಕ್ಕೆ ತಂದಾಗ ಅವರು ಬೇಸರಿಸಿಕೊಳ್ಳದೆ, ಮರುದಿನದಿಂದಲೇ ಸಾಲದ ಲೆಕ್ಕಗಳನ್ನು ಸೇರಿಸಿದರು. ಮೂರನೆಯ ತಿಂಗಳ ಶುಲ್ಕವನ್ನು ನಿನ್ನೆ ಕಟ್ಟಿ ಬಂದಿದ್ದೇನೆ. ಆರನೆಯ, ಏಳನೆಯ ತರಗತಿಯ ಮಕ್ಕಳಿರುವವರು ಧೈರ್ಯವಾಗಿ ಸೇರಿಸಬಹುದು. ಆದರೆ ವಾರಕ್ಕೊಮ್ಮೆಯಾದರೂ ನೋಟ್‌ಬುಕ್ ತೆರೆದು, ಆ ಅಕ್ಷರ ಯಾವ ಸಂಖ್ಯೆಗೆ ನಿಂತಿದೆ ಎಂದು ಮಕ್ಕಳನ್ನೇ ಕೇಳಿ ನೋಡಿ.