ನೋಜಾಕಿ-ಕುನ್, ಕಾಗುಯಾ-ಸಾಮಾ, ಹೋರಿಮಿಯಾ: ಮೂರನ್ನೂ ಅಮ್ಮನ ಜೊತೆ ಕೂತು ನೋಡಿದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ಈ ಮೂರು ಅನಿಮೆ (ಜಪಾನಿನ ಕಾರ್ಟೂನ್ ಸೀರೀಸು) ಪೈಕಿ ನನ್ ವೋಟು ನೋಜಾಕಿ-ಕುನ್‌ಗೆ. ಹೈಸ್ಕೂಲ್ ಲವ್ ಸ್ಟೋರಿ ಇರ್ಬೇಕು, ನಗು ಜಾಸ್ತಿ ಅಳು ಕಮ್ಮಿ ಇರ್ಬೇಕು, ಅಂಥದ್ದೊಂದು ಅನಿಮೆ ಹೇಳ್ರಪ್ಪಾ ಅಂತ ಕೇಳ್ದಾಗ ಎಲ್ರೂ ಹೇಳಿದ್ದು ಕಾಗುಯಾ-ಸಾಮಾ. ಅದಕ್ಕೋಸ್ಕರಾನೇ ಒಂದು ಆ್ಯಪ್‌ಗೆ ತಿಂಗಳ ಪ್ಲಾನ್ ಹಾಕಿಸ್ದೆ. ಮೂರು ಸೀಸನ್ ಸೇರಿ 37 ಎಪಿಸೋಡು, ತಿಂಗಳು ಮುಗಿಯೋ ಹೊತ್ತಿಗೆ ನಾವಿನ್ನೂ ಎರಡನೇ ಸೀಸನ್ ಮಧ್ಯದಲ್ಲಿ, ಮತ್ತೆ ದುಡ್ಡು ಕಟ್ಟಿದ್ದಾಯ್ತು. ಆ ಎರಡನೇ ತಿಂಗಳಲ್ಲೇ ಹೋರಿಮಿಯಾ, ನೋಜಾಕಿ ಎರಡೂ ನೋಡಿದ್ದು. ನೋಜಾಕಿ 12 ಎಪಿಸೋಡು, ನಾಲ್ಕೇ ರಾತ್ರೀಲಿ ಮುಗೀತು, ಮುಗಿದ ಮಾರನೇ ದಿನ ಅಮ್ಮಾನೇ ಮೊದಲಿಂದ ಹಾಕು ಅಂದ್ರು.

ನಾವು ಅಂದ್ರೆ ನಾನು, ಅಮ್ಮ. ಕೆಲಸದಿಂದ ಮನೆಗೆ ಬರೋಷ್ಟ್ರಲ್ಲಿ ರಾತ್ರಿ ಎಂಟೂವರೆ, ಊಟದ ತಟ್ಟೆ ಹಿಡ್ಕೊಂಡು ಟಿವಿ ಮುಂದೆ ಕೂತ್ರೆ ಒಂದೂವರೆ ಗಂಟೆ ನಮ್ದು. ಅಮ್ಮಂಗೆ ಇಂಗ್ಲಿಷ್ ಓದೋಕೆ ಬರಲ್ಲ. ಹಾಗಾಗಿ ಕೆಳಗೆ ಬರೋ ಸಬ್‌ಟೈಟಲ್ ನೋಡ್ಕೊಂಡು ನಾನೇ ಕನ್ನಡದಲ್ಲಿ ಹೇಳ್ತಾ ಹೋಗೋದು. ನನ್ ಹೋಲಿಕೆ ಪೂರ್ತಿ ಇದ್ರ ಮೇಲೇ ನಿಂತಿದೆ, ಒಬ್ರೇ ಕೂತು ನೋಡೋರಿಗೆ ಲೆಕ್ಕ ಬೇರೆ ಬರಬಹುದು.

ಕಾಗುಯಾ ವಿಷ್ಯ ಶುರು ಮಾಡೋಣ, ಯಾಕಂದ್ರೆ ನಂಗೆ ತಲೆನೋವು ಕೊಟ್ಟಿದ್ದು ಅದೇ. ಕಥೆ ಭಾಳ ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಶೂಚಿಇನ್ ಅನ್ನೋ ದೊಡ್ಡೋರ ಮಕ್ಕಳು ಓದೋ ಸ್ಕೂಲು, ಸ್ಟೂಡೆಂಟ್ ಕೌನ್ಸಿಲ್ ಅಧ್ಯಕ್ಷ ಶಿರೋಗಾನೆ, ಉಪಾಧ್ಯಕ್ಷೆ ಕಾಗುಯಾ, ಇಬ್ರಿಗೂ ಒಬ್ರ ಮೇಲೊಬ್ರಿಗೆ ಮನಸ್ಸಿದೆ, ಆದ್ರೆ ಮೊದಲು ಹೇಳ್ದೋರು ಸೋತ ಹಾಗೆ ಅಂತ ಇಬ್ರೂ ಬಾಯಿ ಬಿಡಲ್ಲ. ಎದುರಿನೋರ ಬಾಯಿಂದ ಆ ಮಾತು ಬರ್ಸೋಕೆ ಸಿನಿಮಾ ಟಿಕೆಟ್ಟು, ಊಟದ ಡಬ್ಬಿ ಎಲ್ಲಾನೂ ಯುದ್ಧದ ಪ್ಲಾನ್ ಥರ ಉಪಯೋಗಿಸ್ತಾರೆ. ತೊಂದ್ರೆ ಏನಂದ್ರೆ ಆ ಯುದ್ಧ ನಡೆಯೋದೆಲ್ಲ ತಲೆ ಒಳಗೆ. ಕಾಗುಯಾ ಬಾಯಲ್ಲಿ ಒಂದು ಮಾತು, ಮನಸ್ಸಲ್ಲಿ ನಾಲ್ಕು ಮಾತು, ಅದ್ರ ಮೇಲೆ ಒಬ್ಬ ನಿರೂಪಕ ಗಟ್ಟಿ ದನೀಲಿ ಕ್ರಿಕೆಟ್ ಕಾಮೆಂಟ್ರಿ ಥರ ವಿವರಣೆ ಕೊಡ್ತಿರ್ತಾನೆ, ಅದೂ ಸಾಲದು ಅಂತ ಸ್ಕ್ರೀನ್ ಮೇಲೆ ದೊಡ್ಡದಾಗಿ ಜಪಾನಿ ಅಕ್ಷರ ಬರುತ್ತೆ, ಅದ್ರ ಅರ್ಥ ಮೇಲ್ಗಡೆ, ಮಾತಿನ ಅರ್ಥ ಕೆಳಗಡೆ, ಎರಡೂ ಒಂದೇ ಸಲ. ಮುದ್ದೆ ಮುರಿಯೋಕೆ ಅಂತ ತಟ್ಟೆ ಕಡೆ ನೋಡಿ ತಲೆ ಎತ್ತೋಷ್ಟ್ರಲ್ಲಿ ಮೂರು ಸಾಲು ಹೋಗಿರುತ್ತೆ. ನಾನೇ ಓದಿ ಮುಗಿಸಿರಲ್ಲ, ಅಮ್ಮಂಗೆ ಏನು ಹೇಳ್ಲಿ? ಪಾಜ್ ಮಾಡು, ಹಿಂದಕ್ಕೆ ಹೋಗು, ಓದು, ಹೇಳು, ಮತ್ತೆ ಪ್ಲೇ ಮಾಡು. 24 ನಿಮಿಷದ ಎಪಿಸೋಡಿಗೆ ನಮ್ಗೆ ಮುಕ್ಕಾಲು ಗಂಟೆ ಹಿಡೀತಿತ್ತು, ಅನ್ನ ಸಾರು ತಣ್ಣಗಾಗ್ತಿತ್ತು. ಆ ಎರಡನೇ ತಿಂಗಳ ದುಡ್ಡು ಹೋಗಿದ್ದು ಈ ಪಾಜ್ ಬಟನ್ ದೆಸೆಯಿಂದ್ಲೇ ಅಂತ ನಂಗೆ ಈಗ್ಲೂ ಅನ್ಸುತ್ತೆ.

ಇನ್ನೊಂದು ತೊಡಕು ಇದ್ರೊಳಗೇ ಇದೆ. ಕಾಗುಯಾ ಶಿರೋಗಾನೆ ಹತ್ರ ಯಾವಾಗ್ಲೂ ಮರ್ಯಾದೆ ಭಾಷೇಲಿ ಮಾತಾಡ್ತಾಳೆ, ಕೈಚೋ ಅಂತಾಳೆ, ಅಂದ್ರೆ ಅಧ್ಯಕ್ಷರೇ ಅಂತ. ಅವನು ಅವಳನ್ನ ಶಿನೋಮಿಯಾ ಅಂತ ಮನೆತನದ ಹೆಸರಲ್ಲೇ ಕರೀತಾನೆ, ಮಾತೆಲ್ಲ ಸಲಿಗೆದು. ಹೆಸರು ಹಿಡಿದು ಕರೆಯೋಷ್ಟು ಹತ್ರ ಆಗ್ದೇ ಇರೋದೇ ಅಲ್ಲಿನ ಅರ್ಧ ಕಥೆ. ಇಂಗ್ಲಿಷ್ ಸಬ್‌ಟೈಟಲ್ಲಿಗೆ ಬಂದ್ರೆ ಎಲ್ರಿಗೂ ಒಂದೇ ಯೂ. ಆದ್ರೆ ಇಲ್ಲಿ ನಮ್ ಭಾಷೆ ಕೈ ಹಿಡೀತು ನೋಡಿ. ಕಾಗುಯಾ ಮಾತು ಬಂದಾಗ ನಾನು ‘ನೀವು’ ಅಂತ ಹೇಳ್ತಿದ್ದೆ, ಅವನ ಮಾತಿಗೆ ‘ನೀನು’. ಎರಡನೇ ದಿನಕ್ಕೇ ಅಮ್ಮ, ‘ಇಷ್ಟೊಂದು ಮರ್ಯಾದೆ ಕೊಟ್ಕೊಂಡು ಕೂತ್ರೆ ಮದುವೆ ಆಗೋದು ಯಾವಾಗ ಪುಟ್ಟಿ?’ ಅಂದ್ರು. ಇಂಗ್ಲಿಷಲ್ಲಿ ಕಾಣೆಯಾಗಿದ್ದು ಕನ್ನಡದಲ್ಲಿ ತಾನಾಗೇ ವಾಪಸ್ ಬಂತು, ಅದೊಂದು ಖುಷಿ ನಂಗೆ ಕಾಗುಯಾನೇ ಕೊಟ್ಟಿದ್ದು.

ಅದೇ ಕೌನ್ಸಿಲಿನ ಕಾರ್ಯದರ್ಶಿ ಚಿಕಾ ಫುಜಿವಾರಾ ಬಂದಾಗ ಮಾತ್ರ ಪಾಜ್ ಬೇಕಾಗ್ತಿರ್ಲಿಲ್ಲ. ಶಿರೋಗಾನೆಗೆ ಅವಳು ವಾಲಿಬಾಲ್ ಕಲಿಸೋದು, ಹಾಡೋದು ಕಲಿಸೋದು, ಅದೆಲ್ಲ ಮಾತಿಲ್ದೆ ಅರ್ಥ ಆಗುತ್ತೆ, ಅಮ್ಮ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಅಲ್ಲೇ.

ಹೋರಿಮಿಯಾ ಬೇರೇನೇ ಥರ. 2021ರದ್ದು, 13 ಎಪಿಸೋಡು. ಸ್ಕೂಲಲ್ಲಿ ಮಿಂಚೋ ಹೋರಿ ಮನೆಗೆ ಬಂದ್ರೆ ಕೂದಲು ಗಂಟು ಕಟ್ಕೊಂಡು ಅಡುಗೆ ಮಾಡ್ತಾಳೆ, ಪುಟ್ಟ ತಮ್ಮ ಸೋತಾನ ನೋಡ್ಕೋತಾಳೆ. ಸ್ಕೂಲಲ್ಲಿ ಕನ್ನಡಕ ಹಾಕ್ಕೊಂಡು ಮಂಕಾಗಿರೋ ಮಿಯಾಮುರಾ ಹೊರಗಡೆ ಮೈಮೇಲೆ ಟ್ಯಾಟೂ, ಕಿವಿ ತುಂಬ ಓಲೆ. ಮೂಗಲ್ಲಿ ರಕ್ತ ಬರ್ತಿದ್ದ ಸೋತಾನ ಅವನು ಮನೆಗೆ ಕರ್ಕೊಂಡು ಬರೋದ್ರಿಂದ ಪರಿಚಯ. ಇಲ್ಲಿ ಕಾಯ್ಸೋದೇ ಇಲ್ಲ, ಜ್ವರ ಬಂದು ಮಲಗಿರೋ ಹೋರಿ ಪಕ್ಕ ಕೂತು ಅವನು ಮನಸ್ಸಲ್ಲಿರೋದು ಹೇಳೇ ಬಿಡ್ತಾನೆ, ಆಮೇಲೆ ಜೊತೇಲಿ ಇರೋದು ಹೇಗೆ ಅನ್ನೋದೇ ಕಥೆ. ಅದು ನಂಗೆ ತುಂಬಾ ಹಿಡಿಸ್ತು. ಆದ್ರೆ ಉದ್ದದ ಮಂಗಾನ (ಅಂದ್ರೆ ಜಪಾನಿ ಕಾಮಿಕ್ಸು) 13 ಎಪಿಸೋಡಿಗೆ ತುರುಕಿದಾರೆ, ಈಗ ತಾನೇ ಬೇಸಿಗೆ ಇತ್ತಲ್ಲ ಅನ್ನೋಷ್ಟ್ರಲ್ಲಿ ಚಳಿಗಾಲ, ಯಾವ್ದೋ ಹೊಸ ಹುಡುಗಿ ಬಂದು ಅತ್ತು ಹೋಗ್ತಾಳೆ. ಬಿಟ್ಟುಹೋದ ಕಥೆಗಳನ್ನ 2023ರಲ್ಲಿ ಬೇರೆ ಸೀರೀಸ್ ಮಾಡಿ ಬಿಟ್ರು, ಅದನ್ನ ನಾವಿನ್ನೂ ನೋಡಿಲ್ಲ.

ಈಗ ನೋಜಾಕಿ. 2014ರದ್ದು, ದೋಗಾ ಕೋಬೋ ಸ್ಟುಡಿಯೋ ಮಾಡಿದ್ದು, ಮೂಲ ಇಜುಮಿ ತ್ಸುಬಾಕಿ ಅವರ ನಾಲ್ಕು ಚೌಕದ ಮಂಗಾ. ಸಕುರಾ ಅನ್ನೋ ಪುಟ್ಟ ಹುಡುಗಿ, ತಲೇಲಿ ಎರಡು ದೊಡ್ಡ ಚುಕ್ಕಿ ರಿಬ್ಬನ್ನು, ಆರಡಿ ಎತ್ತರದ ನೋಜಾಕಿ ಹತ್ರ ಹೋಗಿ ನಿನ್ನ ಇಷ್ಟಪಡ್ತೀನಿ ಅನ್ನೋಕೆ ಹೋಗಿ ಗಾಬರೀಲಿ ನಾನು ನಿನ್ ಫ್ಯಾನು ಅಂದ್ಬಿಡ್ತಾಳೆ, ಅವನು ಆಟೋಗ್ರಾಫ್ ಹಾಕಿ ಕೊಡ್ತಾನೆ! ಯಾಕಂದ್ರೆ ಅವನು ಹೆಣ್ಣಿನ ಹೆಸರಿಟ್ಕೊಂಡು ಹುಡುಗೀರು ಓದೋ ಪ್ರೇಮಕಥೆ ಮಂಗಾ ಬರೀತಿರ್ತಾನೆ, ಇವಳು ಅದು ಗೊತ್ತಿದ್ದು ಬಂದಿದಾಳೆ ಅಂದ್ಕೋತಾನೆ. ಮನೆಗೆ ಕರೀತಾನೆ, ಕೈಗೆ ಬ್ರಶ್ ಕೊಟ್ಟು ಚಿತ್ರಕ್ಕೆ ಕಪ್ಪು ಇಂಕು ತುಂಬು ಅಂತಾನೆ. ಅಲ್ಲಿಂದ ಅವಳು ಅವನ ಅಸಿಸ್ಟೆಂಟು.

ಇದನ್ನ ಅಮ್ಮಂಗೆ ಹೇಳೋಕೆ ನಂಗೆ ಒಂದೇ ಒಂದು ಸಲ ಪಾಜ್ ಬೇಕಾಯ್ತು, ಅದೂ ಆ ಆಟೋಗ್ರಾಫ್ ಜಾಗದಲ್ಲಿ. ಮಿಕ್ಕಿದ್ದೆಲ್ಲ ಮುಖದಲ್ಲೇ ಇದೆ. ಮಿಕೋಶಿಬಾ ಅಂತ ಒಬ್ಬ ಚೆಂದದ ಹುಡುಗ, ಹುಡುಗೀರ ಮುಂದೆ ಸ್ಟೈಲಾಗಿ ಒಂದು ಡೈಲಾಗ್ ಹೊಡೀತಾನೆ, ಮರುಕ್ಷಣ ನಾಚಿಕೆಗೆ ಮುಖ ಕೆಂಪಾಗಿ ಕುಸೀತಾನೆ. ನೋಜಾಕಿ ತನ್ನ ಮಂಗಾದ ಹೀರೋಯಿನ್‌ನ ಇವನನ್ನೇ ನೋಡಿ ಬರೆದಿರೋದು. ಅಮ್ಮ ನನ್ ಮಾತಿಗೆ ಕಾಯ್ದೇ ನಗೋರು. ಇನ್ನು ಒರಟು ಹುಡುಗಿ ಸೆಯೋ, ಬಾಸ್ಕೆಟ್‌ಬಾಲ್ ಆಡ್ವಾಗ ವಾಕಾಮಾತ್ಸು ಅನ್ನೋ ಹುಡುಗನ್ನ ಗೋಳು ಹುಯ್ಕೋತಾಳೆ, ಅವನು ರೆಕಾರ್ಡಿಂಗಲ್ಲಿ ಕೇಳಿದ ಒಂದು ಹಾಡಿನ ದನಿಗೆ ಮನಸೋತು ಅದು ಕೇಳಿದ್ರೇನೇ ನಿದ್ದೆ ಅನ್ನೋ ಹಾಗಿದಾನೆ, ಆ ದನಿ ಅವಳದ್ದೇ ಅಂತ ಗೊತ್ತಿಲ್ಲ. ಇಂಥದ್ದು ಎಲ್ಲಾ ಭಾಷೇಲೂ ಅರ್ಥ ಆಗುತ್ತೆ. ಬೈಕಲ್ಲಿ ಅಲ್ಲ, ಸೈಕಲ್ಲಲ್ಲಿ ಡಬಲ್ಸ್ ಹೋಗೋ ಸೀನ್ ಬರೀಬೇಕು, ಆದ್ರೆ ಅದು ಕಾನೂನಿಗೆ ವಿರುದ್ಧ ಅಂತ ನೋಜಾಕಿ ಇಬ್ರು ತುಳಿಯೋ ಸೈಕಲ್ ತಂದು ಸಕುರಾನ ಕೂರ್ಸೋದು ಇದೆಯಲ್ಲ, ಅದನ್ನ ನಾವು ಮೂರು ಸಲ ನೋಡಿದೀವಿ.

ಕೊರತೆ ಒಂದಿದೆ, ಪ್ರೀತಿ ಮುಂದಕ್ಕೆ ಹೋಗಲ್ಲ. ಎರಡನೇ ಸೀಸನ್ ಬಂದಿಲ್ಲ.

ನಿಮ್ ಹತ್ರ ಒಂದೇ ತಿಂಗಳ ಪ್ಲಾನಿದ್ರೆ, ಮನೇಲಿ ಇನ್ನೊಬ್ರಿಗೆ ಹೇಳ್ಕೊಂಡು ನೋಡೋರಾದ್ರೆ, ನೋಜಾಕಿ ಮೊದಲು, ಹೋರಿಮಿಯಾ ಆಮೇಲೆ, ಎರಡೂ ಸೇರಿ 25 ಎಪಿಸೋಡು, ಆರಾಮಾಗಿ ಮುಗಿಯುತ್ತೆ. ಕಾಗುಯಾನ ರಜೆ ಇದ್ದಾಗ, ಊಟ ಮುಗಿಸಿ ಕೈ ತೊಳ್ಕೊಂಡು ನೋಡಿ. ಮೂರನೇ ಸೀಸನ್ ನಾನು ಒಬ್ಳೇ ಹಾಗೇ ನೋಡಿ ಮುಗಿಸ್ದೆ, ಮುಗಿಸಿ ಕಥೆ ಪೂರ್ತಿ ಅಮ್ಮಂಗೆ ಅಡುಗೆಮನೇಲಿ ನಿಂತು ಹೇಳ್ದೆ, ಹೇಳ್ವಾಗ್ಲೂ ಕಾಗುಯಾ ಮಾತೆಲ್ಲ ‘ನೀವು’ ಅಂತಾನೇ ಬಂತು.